ಉಪ್ಪು ನೋಡುವ ಮುಖ

ದೇಗ್ಚಿಗೆ ಮುಚ್ಚಳ ಹಾಕಿ ದಮ್ಮು ಕಟ್ಟುವ ಮುಂಚೆ ಉಪ್ಪು ನೋಡುವುದು ಅಂತ ಒಂದಿದೆ. ನಿಕಾಹ್‌ನಲ್ಲಿ "ಕಬೂಲ್" ಅನ್ನುವ ಮಾತಿಗೆ ಎಷ್ಟು ತೂಕವೋ, ಗುಂಡ್ಲುಪೇಟೆಯ ಮದುವೆ ಅಡುಗೆಯ ಬಷೀರ್ ಅಹಮದರ ಒಲೆಯ ಹತ್ತಿರ "ಉಪ್ಪು ಸರಿ" ಅನ್ನುವ ಮಾತಿಗೂ ಅಷ್ಟೇ ತೂಕ. ಸೌದೆ ಒಟ್ಟುವವನು ಕೈ ತಡೆಯಬೇಕು, ಈರುಳ್ಳಿ ಹೆಚ್ಚುವವರು ಬಾಯಿ ಮುಚ್ಚಬೇಕು. ಅಡುಗೆಗೆ ಯಜಮಾನನಾದವನು ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ಎಲ್ಲರಿಗೂ ಕೇಳಿಸುವ ಹಾಗೆ ಆ ಮಾತು ಹೇಳಬೇಕು. ಆಮೇಲೇ ಮುಚ್ಚಳ, ಅದರ ಅಂಚಿಗೆ ಕಲಸಿದ ಹಿಟ್ಟು, ಮೇಲೆ ಕೆಂಡ. ಹೇಳಿದವನು ಯಾರೋ ಆವತ್ತಿನ ಅಡುಗೆ ಅವನದ್ದು. ಮಾನ ಬಂದರೂ ಅವನಿಗೆ, ಹೋದರೂ ಅವನಿಗೆ.

ಮಂಡಿ ಸೋತು ಬಷೀರ್ ಅಹಮದ್ ಜಗಲಿ ಹಿಡಿದ ಮೇಲೆ ಆ ಮಾತು ಮಗ ಜುಬೇರನ ಬಾಯಿಗೆ ಬಂದಿತ್ತು. ಬಾಯಿಗೆ ಬಂದದ್ದೆಲ್ಲ ಆಡುವವನು ಅಂತಲೇ ಊರಲ್ಲಿ ಹೆಸರಾದ ಜುಬೇರ ಅಳೆದು ಆಡುತ್ತಿದ್ದದ್ದು ಇದೊಂದೇ ಮಾತು. ಚಾಮರಾಜನಗರದಲ್ಲಿ ಬಿ.ಕಾಂ. ಓದುವಾಗ ಪ್ರಿನ್ಸಿಪಾಲರ ಕೆಮ್ಮು, ಲೈಬ್ರರಿಯವರ ಆಕಳಿಕೆ, ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು "ತೆರಕಣಾಂಬಿ, ತೆರಕಣಾಂಬಿ" ಅಂತ ಮೂಗಲ್ಲೇ ಕೂಗುವುದು, ಎಲ್ಲ ಇವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಎಕನಾಮಿಕ್ಸ್ ಮೇಷ್ಟ್ರ ದನಿಯಲ್ಲಿ ಒಂದು ಸಲ ಇವನೇ ಹಾಜರಿ ಕೂಗಿ, ಇಡೀ ಕ್ಲಾಸು "ಪ್ರೆಸೆಂಟ್ ಸಾರ್" ಅಂದದ್ದುಂಟು.

ಉಪ್ಪು ನೋಡುವಾಗ ಅವನ ಮುಖಕ್ಕೂ ಒಂದು ಕ್ರಮ ಕೂತುಹೋಗಿತ್ತು. ಎಡಗಣ್ಣು ಅರ್ಧ ಮುಚ್ಚುವುದು, ನಾಲಿಗೆ ಅಂಗುಳಕ್ಕೆ ತಾಗಿ ಟಕ್ ಅನ್ನುವುದು, ಹುಬ್ಬು ಮೇಲೇರುವುದು, ಆಮೇಲೆ ಮಾತು.

ಈಗ ಅವನಲ್ಲಿ ಉಳಿದಿದ್ದದ್ದು ಆ ಮುಖ ಒಂದೇ.

ಬಕ್ರೀದ್ ಕಳೆದ ಮೇಲೆ ಬಂದ ಜ್ವರ ಬರಿಗೈಯಲ್ಲಿ ವಾಪಸ್ ಹೋಗಲಿಲ್ಲ. ಮೂಗನ್ನೂ ನಾಲಿಗೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಬಿಸಿ ತಿಳಿಯುತ್ತಿತ್ತು, ತಣ್ಣಗೆ ತಿಳಿಯುತ್ತಿತ್ತು, ಮೆತ್ತಗೆ ಗಟ್ಟಿ ತಿಳಿಯುತ್ತಿತ್ತು. ಉಪ್ಪು, ಹುಳಿ, ಖಾರ, ಸುಟ್ಟ ಈರುಳ್ಳಿಯ ವಾಸನೆ, ಒಂದೂ ಇಲ್ಲ. ತುಂಬ ಹೊತ್ತು ಕೂತು ಎದ್ದರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ನಾಲಿಗೆಗೆ ಹಿಡಿದಿತ್ತು. ಕಾಲಾದರೆ ಒದರಬಹುದು. ಚಾಮರಾಜನಗರದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, "ಬೇಗ ಬರಬಹುದು, ತಡವಾಗಿ ಬರಬಹುದು, ಬರದೆಯೂ ಇರಬಹುದು" ಅಂದರು. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲೂ ಇದೇ ಉತ್ತರ ಸಿಗುತ್ತದೆ ಅಂದುಕೊಂಡು ಜುಬೇರ ಎದ್ದು ಬಂದ. ನಗು ಬರಲಿಲ್ಲ, ಅಳುವೂ ಬರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಲಿಗೆಯ ಜೋಮು ಮೆಲ್ಲಗೆ ಒಳಕ್ಕೂ ಇಳಿದಿತ್ತೇನೋ. ಯಾರೋ ಮೂರನೆಯವನಿಗೆ ಆದದ್ದನ್ನು ದೂರದಲ್ಲಿ ನಿಂತು ನೋಡಿದ ಹಾಗಿತ್ತು.

ಆಮೇಲಿನ ಮದುವೆಗಳಲ್ಲಿ ಕೈಯಳತೆಯ ಮೇಲೆ ಉಪ್ಪು ಹಾಕಿ, ತನ್ನದೇ ಮುಖದ ಮಿಮಿಕ್ರಿ ಮಾಡಿದ. ಎಡಗಣ್ಣು, ಟಕ್, ಹುಬ್ಬು, "ಉಪ್ಪು ಸರಿ." ಇಷ್ಟು ವರ್ಷ ಊರವರನ್ನೆಲ್ಲ ಅನುಕರಿಸಿದವನಿಗೆ ತನ್ನನ್ನು ಅನುಕರಿಸುವುದು ಏನು ಕಷ್ಟ. ತೆರಕಣಾಂಬಿಯ ಒಂದು ಮದುವೆಯ ವಲೀಮಾ ಊಟದಲ್ಲಿ ಮಾತ್ರ ಯಾರೋ ಆಳು ಒಮ್ಮೆ ಹಾಕಿದ ಉಪ್ಪಿನ ಮೇಲೆ ಇವನೂ ಹಾಕಿ, ಅದೇ ಮುಖ ಮಾಡಿ, ಅದೇ ಮಾತು ಹೇಳಿಬಿಟ್ಟ. ಜನ ಚೊಂಬುಗಟ್ಟಲೆ ನೀರು ಕುಡಿದರು. ಮದುವೆ ಮನೆಯ ಯಜಮಾನ ಒಳ್ಳೆಯವನು, "ಒಸಿ ಉಪ್ಪು ಮುಂದಾಗಿತ್ತು ಕಣಪ್ಪಾ" ಅಂತಷ್ಟೇ ಅಂದ. ಆವತ್ತಿನಿಂದ ಜುಬೇರ ಬೆನ್ನುನೋವು ಅಂತ ಹೇಳಿ ಬಂದ ಮದುವೆಗಳನ್ನೆಲ್ಲ ಬಿಡುತ್ತ ಬಂದ.

ಆಗ ಗಿರೀಶ ಫೋನ್ ಮಾಡಿದ. ಕಾಲೇಜಿನಲ್ಲಿ ಒಂದೇ ಬೆಂಚಿನ ಗೆಳೆಯ. ಈಗ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಜರ್ಮನಿಯವರ ಒಂದು ಕಾರ್ಖಾನೆಯಲ್ಲಿ ಆಫೀಸು ನೋಡಿಕೊಳ್ಳುವ ಕೆಲಸ.

"ಏನ್ಲಾ ಜುಬೇರಾ, ಬೆನ್ನು ಎಂಗದೆ?"

"ಇಂದ್ಗಡೆನೇ ಅದೆ ಕಣ್ಲಾ. ನಿಂದು?"

"ಥೂ ನಿನ್ನ. ಕೇಳಿಲ್ಲಿ. ಆಯುಧಪೂಜೆ ಆದ್ಮೇಲಿನ ಭಾನುವಾರ ನಮ್ಮ ಫ್ಯಾಕ್ಟರೀಲಿ ಹಬ್ಬ ಮಡೀಕಂಡವ್ರೆ. ಹೊಸ ಮಿಷಿನ್ ಕೂರ್ಸಾಕೆ ಬಂದವ್ರಲ್ಲ, ಅವ್ರೂರಲ್ಲಿ ಈ ಟೈಮಲ್ಲಿ ಬೆಳೆ ಮನೆಗೆ ಬತ್ತದಂತೆ, ಎಲೆ ಉದುರ್ತದಂತೆ, ಎಲ್ರೂ ಕೂತ್ಕಂಡು ಉಣ್ತಾರಂತೆ. ಅವ್ರ ಊಟನೇ ಆಗ್ಬೇಕಂತೆ. ವರ್ಕರ್ ಮನೆಯೋರೆಲ್ಲ ಬತ್ತಾರೆ. ಜರ್ಮನ್ ಊಟ ಮಾಡಿಯಾ?"

"ಬಡಿಸಿದ್ರೆ ಮಾಡ್ತೀನಿ."

"ಬೇಯ್ಸಾಕೆ ಕೇಳ್ತಿರೋದು ಕಣ್ಲಾ!"

ಇನ್ನೊಬ್ಬ ಅಡುಗೆಯವನಾಗಿದ್ದರೆ ಹಿಂದೆ ಸರಿಯುತ್ತಿದ್ದ. ಜುಬೇರ ಯೋಚನೆಯನ್ನೂ ಮಾಡದೆ ಒಪ್ಪಿಕೊಂಡ. ಆ ಊಟದ ರುಚಿ ಹೇಗಿರಬೇಕು ಅಂತ ಈ ಜಿಲ್ಲೆಯಲ್ಲಿ ಬಲ್ಲವರಿಲ್ಲ. ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ ಎಲ್ಲರ ನಾಲಿಗೆಯೂ ಅವನ ನಾಲಿಗೆಯೂ ಒಂದೇ ಪಂಕ್ತಿಯಲ್ಲಿ ಕೂತಿದ್ದವು.

ಮನೆಯಲ್ಲಿ ಹೇಳಿದಾಗ ತಾಯಿ ಅಕ್ತರ್ ಬೀ ಅಟ್ಟದ ಕಡೆ ನೋಡಿದಳು. ಜರ್ಮನ್ ಅಂದರೆ ಆ ಮನೆಗೆ ಗೊತ್ತಿದ್ದದ್ದು ಅಟ್ಟದ ಮೇಲಿದ್ದ ಜರ್ಮನ್ ಸಿಲ್ವರ್ ಪಾತ್ರೆ ಮಾತ್ರ. ಮನೆಮಾತು ಉರ್ದುವಾದರೂ ಒಲೆಯ ವಿಷಯಕ್ಕೆ ಬಂದರೆ ಎಲ್ಲರೂ ಕನ್ನಡಕ್ಕೆ ಇಳಿಯುವುದು ರೂಢಿ. ಬೈಗುಳ ಅದರಲ್ಲೇ ಚೆನ್ನಾಗಿ ಬೇಯುತ್ತದೆ ಅಂತ ಬಷೀರ್ ಅಹಮದರ ನಂಬಿಕೆ.

"ಮದುವೆಗೆ ಬಗ್ಗದ ಬೆನ್ನು ಜರ್ಮನಿಗೆ ಬಗ್ತದಾ?" ಅಂದರು ಅವರು ಜಗಲಿಯಿಂದಲೇ.

"ಅದು ಸಣ್ಣ ಅಡುಗೆ ಅಬ್ಬಾ. ಆಲೂಗಡ್ಡೆ, ಕೋಸು."

"ಸಣ್ಣ ಅಡುಗೆಗೂ ಉಪ್ಪು ನೋಡಬೇಕಲ್ಲ?"

"ನೋಡ್ತೀನಿ" ಅಂದ ಜುಬೇರ. ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಂಡಿತು.

ಮಾರನೇ ವಾರ ಚಾಮರಾಜನಗರಕ್ಕೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು ಬದನಗುಪ್ಪೆಗೆ ಹೋದ. ಕ್ಯಾಂಟೀನಿನಲ್ಲಿ ಗಿರೀಶನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಬೆಳ್ಳಗಿನ ತುಂಡು ಕೂದಲು, ಕೈಗೆ ಮಿಷಿನ್ ಎಣ್ಣೆಯ ಕಲೆ, ಅರವತ್ತರ ಹತ್ತಿರದ ವಯಸ್ಸು. ಮಿಷಿನ್ ಕೂರಿಸಲು ಬಂದ ತಂಡದ ಹಿರಿಯಳು ಅವಳೇ.

"ಇವ್ರೇ ನಮ್ಮ ಮೇಡಮ್ಮು. ಎಸ್ರು ಊಟೆ" ಅಂದ ಗಿರೀಶ.

ಜುಬೇರ ಅವನ ಮುಖ ನೋಡಿದ. "ಊಟದ ಉಸ್ತುವಾರಿ ಊಟೆಗೇ ಕೊಟ್ಟವ್ರಾ? ಇವ್ರ ತಂಗಿ ಎಸ್ರು ತಿಂಡಿನಾ?"

"ಸುಮ್ಕಿರ್ಲಾ, ಕನ್ನಡ ಒಸಿ ಒಸಿ ತಿಳೀತದೆ ಅವ್ರಿಗೆ."

ಊಟೆ ನಕ್ಕಳು. ಅವಳು ಇಂಗ್ಲಿಷಿನಲ್ಲಿ, ಜುಬೇರ ಬಿ.ಕಾಂ. ಇಂಗ್ಲಿಷಿನಲ್ಲಿ, ನಡುವೆ ಎಡವಿದ ಕಡೆ ಗಿರೀಶ ಕೈಹಿಡಿದು, ಅಂತೂ ಊಟದ ಏರ್ಪಾಟು ಶುರುವಾಯಿತು. ಅವಳ ಊರಿನ ಹಬ್ಬದ ಊಟ ಅಂದರೆ ಮೊದಲು ಹಂದಿ. ಅದು ಜುಬೇರನ ಒಲೆ ಹತ್ತುವುದಿಲ್ಲ. ಆಮೇಲೆ ದನ. ಗಿರೀಶ ಎರಡೂ ಕೈ ಮೇಲೆತ್ತಿಬಿಟ್ಟ. ಆಮೇಲೆ ಬಿಯರು. ಹೆಂಗಸರು ಮಕ್ಕಳು ಬರುವ ಊಟ, ಅದೂ ಇಲ್ಲ.

"ಹಂದಿ ಇಲ್ಲ, ದನ ಇಲ್ಲ, ಬಿಯರಿಲ್ಲ. ಇನ್ನು ಜರ್ಮನಿಯಲ್ಲಿ ಏನು ಉಳೀತು ಕೇಳ್ಲಾ ಗಿರೀಶ."

ಊಟೆ ಸ್ವಲ್ಪ ಹೊತ್ತು ಸೂರು ನೋಡಿ, "ಆಲೂಗಡ್ಡೆ" ಅಂದಳು. ಆಮೇಲೆ ಮೆಲ್ಲಗೆ, "ನಮ್ಮಮ್ಮನ ಮನೆಯಲ್ಲೂ ಹಬ್ಬಕ್ಕೆ ಹೆಚ್ಚಿನ ಸಲ ಉಳಿಯುತ್ತಿದ್ದದ್ದು ಅದೇ" ಅಂತ ಸೇರಿಸಿದಳು.

ಅಲ್ಲಿಂದ ಮಾತು ಸಲೀಸಾಯಿತು. ಆಲೂಗಡ್ಡೆಯನ್ನು ಬೇಯಿಸಿ, ಅರೆದು, ಉಂಡೆ ಕಟ್ಟಿ, ಮತ್ತೆ ಬೇಯಿಸುವ ಕ್ನೋಡೆಲ್ ಅಂತ ಒಂದು. "ಮುದ್ದೆ ಅನ್ನು, ಮುಗೀತು" ಅಂದ ಗಿರೀಶ. ಮೊಟ್ಟೆ ಹಾಕಿ ಕಲಸಿದ ಮೈದಾವನ್ನು ಕುದಿಯುವ ನೀರಿಗೆ ತೂತಿನ ಹಲಗೆಯಿಂದ ಇಳಿಸುವ ಸ್ಪೆಟ್ಸ್‌ಲೆ ಇನ್ನೊಂದು. ಹಲಗೆ ಯಾತಕ್ಕೆ, ಬೂಂದಿ ಜಾಲರಿ ಇದೆಯಲ್ಲ ಅಂದ ಜುಬೇರ. ಇಡೀ ಕೋಳಿಯನ್ನು ಈರುಳ್ಳಿ ಗ್ರೇವಿಯಲ್ಲಿ ದಮ್ಮಿಗಿಟ್ಟರೆ ಹಂದಿಯ ಜಾಗ ತುಂಬಬಹುದು. ಸುಗ್ಗಿಯ ಕಾಲಕ್ಕೆಂದೇ ಅವರು ಮಾಡುವ ಈರುಳ್ಳಿ ಕೇಕು ಒಂದಿತ್ತು, ಸಿಹಿಯಲ್ಲ, ಉಪ್ಪಿನದು. ನಮ್ಮ ಕಡೆ ಬೆಳೆಯುವ ಸಣ್ಣ ಈರುಳ್ಳಿಯೇ ಅದಕ್ಕೆ ಆದೀತು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಮಲಯಾಳಿ ಬೇಕರಿಯವನು ಓವನ್ನು ಬಿಟ್ಟುಕೊಡುತ್ತಾನೆ. ಕಡೆಗೆ ಹುಳಿಕೋಸು. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಹಿಸುಕಿ, ಜಾಡಿಯಲ್ಲಿ ಒತ್ತಿ, ಮೇಲೆ ಕಲ್ಲು ಹೇರಿ, ಅದು ತಾನಾಗಿ ಹುಳಿ ತಿರುಗುವವರೆಗೆ ವಾರಗಟ್ಟಲೆ ಬಿಟ್ಟು, ಆಮೇಲೆ ಬೇಯಿಸುವುದು.

"ವಾಸನೆ ಬರುತ್ತದೆ. ಹೆದರಬೇಡ. ಒಳ್ಳೆಯ ಹುಳಿಗೂ ಕೊಳೆತದ್ದಕ್ಕೂ ಇರುವ ಫರಕನ್ನು ನಿನ್ನ ಮೂಗೇ ಹೇಳುತ್ತದೆ" ಅಂದಳು ಊಟೆ.

ಆಮೇಲೆ ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದಳು. ಈರುಳ್ಳಿ ಕೇಕಿಗೆ ಹಾಕಲು ಅವಳ ತಂಗಿ ಅಂಚೆಯಲ್ಲಿ ಕಳಿಸಿದ ಜೀರಿಗೆಯಂಥ ಕಾಳು. ಬಿರಿಯಾನಿಗೆ ಹಾಕುವ ಶಾಜೀರದ ಹತ್ತಿರದ ನಂಟ ಅಂತ ಕಣ್ಣಿಗೇ ಗೊತ್ತಾಗುತ್ತಿತ್ತು. ಅಂಗೈಯಲ್ಲಿ ಉಜ್ಜಿ ಜುಬೇರನ ಮೂಗಿನ ಹತ್ತಿರ ಹಿಡಿದಳು. ಉಸಿರು ಎಳೆದುಕೊಂಡ. ಗಾಳಿ ಒಳಗೆ ಹೋಯಿತು, ಗಾಳಿ ಹೊರಗೆ ಬಂತು. "ಆಹಾ" ಅಂದ. ಶಾಜೀರ ಮೂಸಿದಾಗ ಅಬ್ಬಾ ಮಾಡುವ ಮುಖವನ್ನು ಹಾಗೇ ತೆಗೆದು ತನ್ನ ಮುಖಕ್ಕೆ ಹಚ್ಚಿಕೊಂಡ. ಊಟೆಯ ಮುಖ ಅರಳಿತು. ಅದನ್ನು ನೋಡಿ ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ.

ತೆರಕಣಾಂಬಿ ಮಾರ್ಕೆಟ್ಟಿನಿಂದ ಮೂಟೆ ಕೋಸು ಬಂತು. ಉಪ್ಪಿನಕಾಯಿಯ ದೊಡ್ಡ ಜಾಡಿಗಳನ್ನು ತೊಳೆದು ಬಿಸಿಲಿಗಿಟ್ಟು, ಜುಬೇರ ತಾನೇ ಕೂತು ಹೆಚ್ಚಿ, ಹಿಸುಕಿ, ಒತ್ತಿ ತುಂಬಿದ. ಪಾತ್ರೆ ಇಡುವ ಶೆಡ್ಡಿನಲ್ಲಿ ಜಾಡಿಗಳ ಪಕ್ಕ ದಿನಾ ಕೂತಿರುತ್ತಿದ್ದ. ಮೇಲೆ ಬಂದ ನೊರೆ ತೆಗೆಯುವುದು, ಬಟ್ಟೆ ಬದಲಿಸುವುದು, ಕಲ್ಲು ಸರಿಮಾಡುವುದು. ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಹೆಂಡತಿ ತಹಸೀನ್ ಬಾಗಿಲಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು, "ಕೋಸು ಅಂದ್ರಿ, ಕೂಸು ನೋಡ್ಕೊಂಡ ಹಾಗೆ ನೋಡ್ಕೋತಿದ್ದೀರಿ" ಅಂದಳು.

"ಕೂಸಾದ್ರೆ ಅಳ್ತದೆ. ಇದು ಬರೀ ನೊರೆ ಬಿಡ್ತದೆ."

"ನಿಮಗೆ ನಾತ ಹೊಡೆಯಲ್ವಾ?"

"ಒಳ್ಳೇ ಹುಳಿ ಹಿಂಗೇ ಇರ್ತದೆ" ಅಂದ, ಊಟೆಯ ದನಿಯಲ್ಲಿ. ತಹಸೀನಳಿಗೆ ನಗು ಬಂತು, ಮೂಗು ಬಿಡದೆ ನಕ್ಕಳು.

ಆ ನಾತಕ್ಕೆ ಸೋತವಳು ಅಕ್ತರ್ ಬೀ. ಅಡುಗೆಯವರ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಕಲಿತದ್ದು ಒಂದೇ, ತಿನ್ನುವುದನ್ನು ಚೆಲ್ಲಬಾರದು. ಮದುವೆ ಮನೆಯಿಂದ ಉಳಿದು ಬಂದದ್ದು ಹುಳಿ ತಿರುಗಿದರೆ ತೊಳೆದು, ಹಿಂಡಿ, ಒಗ್ಗರಣೆ ಕೊಟ್ಟು ದಾರಿಗೆ ತರುವುದರಲ್ಲಿ ಎತ್ತಿದ ಕೈ. ಮಗ ದಿನಾ ಕಾದು ಕೂತರೂ ಒಳಗಿನ ಕೋಸು ಕೆಡುತ್ತಿದೆ, ಅವನಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ ಅಂದುಕೊಂಡು, ಅವನು ಬೇಕರಿಗೆ ಹೋದ ಹೊತ್ತಿನಲ್ಲಿ ಒಂದು ಜಾಡಿಯ ಮೇಲಿನಿಂದ ಒಂದು ಪಾತ್ರೆಯಷ್ಟು ಬಾಚಿ, ತೊಳೆದು, ಸಾಸಿವೆ, ಒಣಮೆಣಸಿನಕಾಯಿ, ಕಾಯಿತುರಿ ಹಾಕಿ ಪಲ್ಯ ಮಾಡಿಬಿಟ್ಟಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಮೊದಲ ತುತ್ತಿಗೇ ಬಷೀರ್ ಅಹಮದರ ಗಡ್ಡ ಮೇಲಕ್ಕೆ ಹೋಯಿತು. ತಹಸೀನಳ ಕಣ್ಣಲ್ಲಿ ನೀರು ಬಂತು. ಅಕ್ತರ್ ಬೀ ತಾನೇ ಮಾಡಿದ್ದನ್ನು ತಾನೇ ತಟ್ಟೆಯ ಅಂಚಿಗೆ ಉಗಿದು, "ಯಾ ಅಲ್ಲಾ, ತೊಳೆದಿದ್ದೆನಲ್ಲ!" ಅಂದಳು. ನಿಂಬೆಹಣ್ಣನ್ನು ಉಪ್ಪಿನಲ್ಲಿ ಅದ್ದಿ ಕಚ್ಚಿದ ಹಾಗೆ ಎಲ್ಲರ ದವಡೆಯೂ ಕಟ್ಟಿಕೊಂಡಿತ್ತು.

ಜುಬೇರ ತಲೆ ತಗ್ಗಿಸಿ ತಿನ್ನುತ್ತಿದ್ದ. ರೊಟ್ಟಿಯ ತುಂಡಿಗೆ ಪಲ್ಯ ಸುತ್ತಿಕೊಂಡು ಇನ್ನೊಂದು ತುತ್ತು ಇಟ್ಟು, "ಪಲ್ಯ ಚೆನ್ನಾಗಿದೆ ಅಮ್ಮೀ. ಕಾಯಿ ಹಾಕಿದ್ದು ಒಳ್ಳೇದಾಯ್ತು" ಅಂದ.

ಮೂವರೂ ಅವನ ಬಾಯನ್ನೇ ನೋಡಿದರು. ಆಮೇಲೆ ಅಕ್ತರ್ ಬೀಗೆ ನಗು ಒತ್ತಿಕೊಂಡು ಬಂತು. "ನೋಡಿ ಇವನ್ನ! ತಾಯಿಗೇ ಮಿಮಿಕ್ರಿ!" ತಹಸೀನಳೂ ನಕ್ಕಳು. ಜುಬೇರ ತಲೆ ಎತ್ತಿದ. ಏನೋ ಆಗಿದೆ ಅಂತ ಅವರ ಮುಖಗಳಿಂದ ತಿಳಿಯಿತು. ಏನು ಅಂತ ತಿಳಿಯಲಿಲ್ಲ. ತಿಳಿಯದೆಯೇ ಆಟ ಮುಂದುವರಿಸಿದ, ಎಡಗಣ್ಣು ಅರ್ಧ ಮುಚ್ಚಿ, ಟಕ್ ಅನ್ನಿಸಿ, ಹುಬ್ಬೇರಿಸಿ, "ಉಪ್ಪೂ ಸರಿ" ಅಂದ. ಅಕ್ತರ್ ಬೀ ಹೊಟ್ಟೆ ಹಿಡಿದುಕೊಂಡಳು. ಅವನು ತಟ್ಟೆ ಒರೆಸಿದ ಹಾಗೆ ಖಾಲಿ ಮಾಡಿದಾಗ ತಹಸೀನಳ ನಗು ಅರ್ಧಕ್ಕೇ ನಿಂತಿತು.

ಬಷೀರ್ ಅಹಮದ್ ಮೊದಲಿನಿಂದಲೂ ನಕ್ಕಿರಲಿಲ್ಲ. ಅವರು ಮಗನ ಕಿವಿಯ ಕೆಳಗಿನ ದವಡೆಯ ಮೂಲೆಯನ್ನು ನೋಡುತ್ತಿದ್ದರು. ಅಂಥ ಹುಳಿ ಬಾಯಿಗೆ ಬಿದ್ದರೆ ಆ ಜಾಗ ಜುಮ್ಮೆಂದು ಎಳೆದುಕೊಳ್ಳಲೇಬೇಕು. ಯಾವ ಮಿಮಿಕ್ರಿಯವನೂ ಅದನ್ನು ತಡೆದು ಹಿಡಿಯಲಾರ. ಮಗನ ದವಡೆ ರಾಗಿ ಬೀಸಿದ ಹಾಗೆ ಸುಮ್ಮನೆ ತಿರುಗುತ್ತಿತ್ತು.

ಬೆಳಿಗ್ಗೆ ಅವರು ಕೋಲೂರಿಕೊಂಡು ಶೆಡ್ಡಿಗೆ ಬಂದು, ಮಗುಚಿಟ್ಟ ದೇಗ್ಚಿಯ ಮೇಲೆ ಕೂತರು.

"ಯಾವಾಗಿಂದ?"

ಜುಬೇರ ಜಾಡಿಯ ಬಟ್ಟೆ ಹಿಂಡುತ್ತಿದ್ದ. ಸುಳ್ಳು ಹೇಳಲು ಒಂದು ದನಿ ಹುಡುಕಿದ. ಯಾವುದೂ ಸಿಗಲಿಲ್ಲ. "ಜ್ವರ ಬಂದಾಗಿಂದ."

"ಮೂಗು?"

"ಅದೂನೂ."

"ತೆರಕಣಾಂಬೀಲಿ ಉಪ್ಪು ಸರಿ ಅಂದದ್ದು ಯಾರು?"

"ನಾನೇ."

"ನೋಡಿದ್ದು ಯಾರು?"

ಜುಬೇರ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದ. ಬಷೀರ್ ಅಹಮದ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

"ನಾಲಿಗೆ ಹೋದದ್ದು ಜ್ವರದ ತಪ್ಪು. ಆ ಮುಖ ಮಾತ್ರ ನಿಂದು" ಅಂದರು. "ನನ್ನ ಅಪ್ಪ ಹೇಳಿದ ಮಾತು ಅದು, ನಾನು ಹೇಳಿದ ಮಾತು ಅದು. ಜನ ನಮ್ಮ ನಾಲಿಗೆ ನಂಬ್ಕಂಡು ಉಣ್ಣಾಕೆ ಕೂತಿರ್ತಾರೆ. ಈ ಜರ್ಮನ್ನೋರ ಊಟಕ್ಕೆ ನಾನೂ ಬತ್ತೀನಿ. ಅಲ್ಲಿ ನೋಡದೇ ಉಪ್ಪು ಸರಿ ಅಂದೆ ಅಂದ್ರೆ, ಈ ದೇಗ್ಚಿಗಳನ್ನ ಆವತ್ತೇ ಮಾರಿಬುಡ್ತೀನಿ. ಬಷೀರ್ ಅಹಮದ್ ಅನ್ನೋ ಎಸ್ರಲ್ಲಿ ಒಲೆ ಹತ್ತಕೂಡ್ದು."

"ನಂಗೆ ಗೊತ್ತಾಗಲ್ಲ ಅಂತ ಎಲ್ರ ಮುಂದೆ ಹೇಳಿದ್ರೆ ಯಾರು ಆರ್ಡರ್ ಕೊಡ್ತಾರೆ ಅಬ್ಬಾ?"

"ಅದು ನಂಗೊತ್ತಿಲ್ಲ" ಅಂದು ಅವರು ಎದ್ದು ಹೋದರು.

ತಹಸೀನ್ ಗೋಡೆಯ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಜಾಡಿಯ ಪಕ್ಕ ಕೂತಳು. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ.

"ಎರಡು ಸಲ ಚಹಾಕ್ಕೆ ಸಕ್ಕರೆ ಮರೆತು ಕೊಟ್ಟಿದ್ದೆ. ಸುಮ್ಮನೆ ಕುಡಿದ್ರಿ. ನನ್ನ ಬೈಬಾರದು ಅಂತ ಕುಡೀತಿದ್ದಾರೆ ಅಂದ್ಕೊಂಡಿದ್ದೆ" ಅಂದಳು.

ಜುಬೇರನಿಗೆ ಆ ಮಾತು ಎಲ್ಲೋ ತಾಗಬೇಕಿತ್ತು. ತಾಗುವ ಜಾಗ ಹುಡುಕಿ ಸಿಗದೆ ಅದು ಸುತ್ತಮುತ್ತಲೇ ನಿಂತಿತು. "ಈ ಜಾಡಿಗಳು ಒಳ್ಳೇ ಹುಳಿನಾ, ಕೊಳೆತದ್ದಾ, ನೋಡು" ಅಂದ.

ಅವಳು ಬಗ್ಗಿ ಒಂದೊಂದೇ ಜಾಡಿ ಮೂಸಿದಳು. ಒಂದು ಎಳೆ ಬಾಯಿಗೆ ಹಾಕಿಕೊಂಡಳು. "ಒಳ್ಳೇದೇ ಇರ್ಬೇಕು. ಕೊನೇ ಜಾಡಿ ಮಾತ್ರ ಬೇಡ, ಅದು ಬೇರೆ ಥರ ಇದೆ." ಕೊನೆಯ ಜಾಡಿಯ ಕೋಸನ್ನು ಇಬ್ಬರೂ ಸೇರಿ ಹಿತ್ತಲಲ್ಲಿ ಹೂತರು. ಅವನು ಒಬ್ಬನೇ ಆಗಿದ್ದರೆ ಅದನ್ನೂ ಬಡಿಸುತ್ತಿದ್ದ.

ಭಾನುವಾರ ಬದನಗುಪ್ಪೆಯಲ್ಲಿ ಮೋಡ ಮುಸುಕಿತ್ತು. ಮಿಷಿನ್ನುಗಳಿಗೆ ಕಟ್ಟಿದ ಆಯುಧಪೂಜೆಯ ಚೆಂಡುಹೂವಿನ ಹಾರಗಳು ಬಾಡಿ ಕಪ್ಪಾಗಿದ್ದವು, ಯಾರೂ ಬಿಚ್ಚಿರಲಿಲ್ಲ. ಅದೇ ನಮ್ಮ ಎಲೆ ಉದುರುವ ಕಾಲ ಅಂದುಕೊಳ್ಳಬಹುದಿತ್ತು. ಕ್ಯಾಂಟೀನಿನ ಹಿಂದೆ ಒಲೆಗಳು ಹತ್ತಿದವು. ಜುಬೇರನ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಬೂಂದಿ ಜಾಲರಿಯಿಂದ ಹಿಟ್ಟು ಕುದಿನೀರಿಗೆ ತೊಟ್ಟಿಕ್ಕಿ ಸ್ಪೆಟ್ಸ್‌ಲೆ ಮೇಲೆ ತೇಲಿ ಬಂದಾಗ ಊಟೆ ಚಪ್ಪಾಳೆ ತಟ್ಟಿದಳು. ಜರ್ಮನ್ನರೂ ಬೂಂದಿಯಿಂದಲೇ ಬಂದವರು ಅಂತ ಗಿರೀಶ ಕಾರ್ಖಾನೆಯ ಹುಡುಗರಿಗೆ ತಿಳಿಸಿ ಹೇಳುತ್ತಿದ್ದ. ಬಷೀರ್ ಅಹಮದ್ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು. ತಹಸೀನ್ ಅವರ ಪಕ್ಕ ನಿಂತಿದ್ದಳು.

ಕೋಳಿಯ ದೇಗ್ಚಿ ಹದಕ್ಕೆ ಬಂತು. ದಮ್ಮು ಕಟ್ಟುವ ಹೊತ್ತು. ಈರುಳ್ಳಿ ಹೆಚ್ಚುವವರ ಬಾಯಿ ತಾನಾಗಿ ನಿಂತಿತು. ಸೌದೆಯವನು ಕೈ ತಡೆದ. ಏನೋ ನಡೆಯುತ್ತದೆ ಅಂತ ಊಟೆಯೂ ಹತ್ತಿರ ಬಂದಳು.

ಜುಬೇರ ಸೌಟೆತ್ತಿ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. ಬಿಸಿ ಇತ್ತು, ಜಿಡ್ಡಿತ್ತು. ಅಷ್ಟೇ. ಎಡಗಣ್ಣು ಯಾರೂ ಕೇಳದೆ ಅರ್ಧ ಮುಚ್ಚಿಕೊಂಡಿತು. ಟಕ್ ಅಂತು. ಹುಬ್ಬು ಏರಿತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಬಿಟ್ಟರೆ ಆ ನಾಲಿಗೆಯ ಮೇಲೆ ಬೇರೇನೂ ಇರಲಿಲ್ಲ. ಅವನು ಅಬ್ಬಾನ ಕಡೆ ನೋಡಲಿಲ್ಲ. ಏರಿದ ಹುಬ್ಬನ್ನು ಭಾರದ ಸಾಮಾನು ಇಳಿಸಿದ ಹಾಗೆ ಕೆಳಗಿಳಿಸಿದ.

"ನಂಗೆ ಗೊತ್ತಾಗಲ್ಲ" ಅಂದ, ಎಲ್ಲರಿಗೂ ಕೇಳಿಸುವ ಹಾಗೆ. "ಜ್ವರ ಬಂದಾಗಿಂದ ನಾಲಿಗೆ ಸತ್ತೋಗಿದೆ. ಮೂಗೂ ಇಲ್ಲ."

ಗಿರೀಶ ನಕ್ಕ. "ಲೇ, ಮಿಮಿಕ್ರಿ ಬುಡ್ಲಾ. ಜನ ಅಸ್ಕಂಡವ್ರೆ."

"ಬುಟ್ಟೆ ಕಣ್ಲಾ. ಅದ್ನೇ ಹೇಳ್ತಿರೋದು."

ಗಿರೀಶನ ನಗು ಮುಖದ ಮೇಲೆ ದಾರಿ ತಪ್ಪಿದ ಹಾಗೆ ನಿಂತಿತು. ಜುಬೇರ ಸೌಟನ್ನು ಹೆಂಡತಿಯ ಕಡೆ ಚಾಚಿದ. "ತಹಸೀನ್, ನೀನು ನೋಡು."

ಆ ಮನೆಯ ಹೆಂಗಸರು ಮನೆಯ ಒಲೆಯಲ್ಲಿ ಏನೆಲ್ಲ ಮಾಡಿದ್ದರೂ, ಮದುವೆಯ ದೇಗ್ಚಿಯ ಉಪ್ಪನ್ನು ಇದುವರೆಗೆ ಒಬ್ಬರೂ ನೋಡಿರಲಿಲ್ಲ. ತಹಸೀನ್ ಮಾವನ ಮುಖ ನೋಡಿದಳು. ಅವರು ಕೋಲಿನ ಮೇಲಿಂದ ಗದ್ದ ಎತ್ತಲಿಲ್ಲ, ಬೇಡ ಅನ್ನಲೂ ಇಲ್ಲ. ಅವಳು ಅಂಗೈ ಚಾಚಿ, ನೆಕ್ಕಿ, ಎರಡೂ ಕಣ್ಣು ಮುಚ್ಚಿದಳು. ಅವಳ ಮುಖಕ್ಕೆ ಯಾವ ಕ್ರಮವೂ ಇರಲಿಲ್ಲ. ಮೂಗು ಒಂದು ಕಡೆ, ತುಟಿ ಒಂದು ಕಡೆ.

"ಉಪ್ಪು ಸಾಲದು."

ಜುಬೇರ ಒಂದು ಹಿಡಿ ತೆಗೆದು ಉದುರಿಸಿ ಕೈಯಾಡಿಸಿದ. ಅವಳು ಮತ್ತೆ ನೋಡಿದಳು. "ಇನ್ನೊಂಚೂರು." ಅವನು ಚಿಟಿಕೆ ಹಾಕಿದ. ಅವಳು ನೋಡಿ, ತಡೆದು, ತನಗೇ ಹೇಳಿಕೊಂಡ ಹಾಗೆ ಏನೋ ಅಂದಳು.

"ಕೇಳಿಸಲಿಲ್ಲ" ಅಂದರು ಬಷೀರ್ ಅಹಮದ್ ಕುರ್ಚಿಯಿಂದ.

"ಉಪ್ಪು ಸರಿ!" ಅಂತ ಕೂಗಿದಳು ತಹಸೀನ್. ಕೂಗಿದ್ದಕ್ಕೆ ತಾನೇ ಬೆಚ್ಚಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಹ್ಞೂಂ. ಮ್ಯಾಲೆ ಕೆಂಡ ಹಾಕ್ರಲಾ" ಅಂದರು ಅವರು.

ಊಟ ನಡೆಯಿತು. ಅದ್ಭುತ ಅಂತೇನೂ ಯಾರೂ ಅನ್ನಲಿಲ್ಲ. ಕ್ನೋಡೆಲ್ ನೋಡಿ ಹೆಂಗಸರು ಸಾರೆಲ್ಲಿ ಅಂತ ಕೇಳಿದರು. ಹುಳಿಕೋಸು ತಿಂದು ಒಬ್ಬ ಅಜ್ಜಿ, "ಇದ್ಕೆ ಒಗ್ಗರಣೆ ಮರ್ತವ್ರೆ" ಅಂದಳು. ಅಕ್ತರ್ ಬೀ ಅಲ್ಲಿದ್ದಿದ್ದರೆ ಅವಳನ್ನು ಅಪ್ಪಿಕೊಳ್ಳುತ್ತಿದ್ದಳು. ಊಟೆ ಹುಳಿಕೋಸನ್ನು ನಿಧಾನವಾಗಿ ತಿಂದು, ಒಂಚೂರು ಹೆಚ್ಚು ಬೆಂದಿದೆ ಅಂದಳು. ಈರುಳ್ಳಿ ಕೇಕನ್ನು ಮಾತ್ರ ಏನೂ ಅನ್ನದೆ ಎರಡನೇ ಸಲ ಹಾಕಿಸಿಕೊಂಡಳು. ಗಿರೀಶ ಬಂದು ಜುಬೇರನ ಪಕ್ಕ ಕೂತು, ಬೆನ್ನ ಮೇಲೆ ಕೈಯಿಟ್ಟು, "ಬೆನ್ನು ನಿಜ್ವಾಗ್ಲೂ ಚೆನ್ನಾಗೇ ಇತ್ತೇನ್ಲಾ?" ಅಂದ. "ಇಂದ್ಗಡೆನೇ ಇತ್ತು" ಅಂದ ಜುಬೇರ. ಗೆಳೆಯ ನಗಲಿಲ್ಲ. ಮುಂದಿನ ತಿಂಗಳು ಅವನ ಅಕ್ಕನ ಮಗನ ನಾಮಕರಣದ ಅಡುಗೆಯ ಮಾತು ಇತ್ತು. ಅದನ್ನು ಅವನು ಎತ್ತಲಿಲ್ಲ. ಜುಬೇರನೂ ಕೇಳಲಿಲ್ಲ.

ಹೊರಡುವಾಗ ಊಟೆ ಉಳಿದ ಕಾಳಿನ ಪೊಟ್ಟಣವನ್ನು ಅವನ ಕೈಗಿಟ್ಟಳು. ಆವತ್ತು "ಆಹಾ" ಅಂದದ್ದು ಸುಳ್ಳು ಅಂತ ಅವಳಿಗೆ ಈಗ ಗೊತ್ತು. ಅದರ ಮಾತೆತ್ತಲಿಲ್ಲ. "ದಿನಾ ಬೆಳಿಗ್ಗೆ ಮೂಸು. ಏನೂ ಬರದಿದ್ದರೂ ಮೂಸು" ಅಂದಳಷ್ಟೇ.

ದೇಗ್ಚಿಗಳನ್ನು ಏರಿಸಿಕೊಂಡು ಟೆಂಪೋ ಚಾಮರಾಜನಗರ ದಾಟಿ ಗುಂಡ್ಲುಪೇಟೆಯ ದಾರಿ ಹಿಡಿಯಿತು. ಹಿಂಗಾರಿನ ಹನಿ ಶುರುವಾಗಿತ್ತು. ಬಷೀರ್ ಅಹಮದ್ ಮುಂದೆ ಡ್ರೈವರ್ ಪಕ್ಕ ಕೂತಿದ್ದರು. ಹಿಂದೆ ಟಾರ್ಪಾಲಿನ ಕೆಳಗೆ, ಖಾಲಿ ಜಾಡಿಗಳ ನಡುವೆ ಜುಬೇರ ಮತ್ತು ತಹಸೀನ್. ತೆರಕಣಾಂಬಿ ಹತ್ತಿರ ಬರುವಾಗ ಮುಂದಿನಿಂದ ಮುದುಕನ ದನಿ ಕೇಳಿತು.

"ಜುಬೇರಾ, ಆ ವಲೀಮಾದೋರ ಮನೆ ಇಲ್ಲೇ ಅಲ್ವಾ?"

"ಊ ಅಬ್ಬಾ."

"ನಾಳೆ ಹೋಗಿ ನಿಜ ಹೇಳ್ಬರನ. ಇಬ್ರೂ."

"ಊ."

ಜುಬೇರ ಜೇಬಿನಿಂದ ಪೊಟ್ಟಣ ತೆಗೆದು ಮೂಸಿದ. ಗಾಳಿ ಒಳಗೆ ಹೋಯಿತು, ಗಾಳಿ ಹೊರಗೆ ಬಂತು. ಈ ಸಲ ಮುಖ ಏನೂ ಮಾಡಲಿಲ್ಲ. ಮಡಚಿ ವಾಪಸ್ ಇಟ್ಟುಕೊಂಡ. ತಹಸೀನ್ ಟಿಫನ್ ಡಬ್ಬಿ ತೆರೆದು ಈರುಳ್ಳಿ ಕೇಕಿನ ಒಂದು ತುಂಡು ಮುರಿದು ಅವನಿಗೆ ಕೊಟ್ಟಳು. ಒಂದು ತುಂಡು ತಾನು ತಿಂದಳು.

"ಹೇಗಿದೆ?" ಅಂದಳು. ಅಭ್ಯಾಸಬಲ, ಬಾಯಿ ತಪ್ಪಿ ಬಂದ ಮಾತು.

"ಗೊತ್ತಾಗ್ತಿಲ್ಲ."

ಅವಳು ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಈರುಳ್ಳಿ ಸಿಹಿಯಾಗಿದೆ. ತಳ ಒಂಚೂರು ಸೀದಿದೆ, ಆದ್ರೆ ತಿನ್ನಬಹುದು. ಆ ಕಾಳು ಹಲ್ಲಿಗೆ ಸಿಕ್ಕಿದ್ರೆ ಶಾಜೀರದ ಹಾಗೇ, ಸ್ವಲ್ಪ ಕಹಿ. ಉಪ್ಪು ಸರಿ."

"ಸರಿ" ಅಂದು ಜುಬೇರ ಅಗಿದು ನುಂಗಿದ.